ನಮ್ಮವರ ಬಗ್ಗೆ ನಾವೇ ಬರೆದಾಗ: ವಿಕಿಪೀಡಿಯ ಮತ್ತು ಹಿತಾಸಕ್ತಿ ಸಂಘರ್ಷ

2005ರ ನವೆಂಬರ್ 17ರಂದು ಯಾರೋ ಒಬ್ಬರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಡೀಬೋಲ್ಡ್ ಕಂಪನಿಯ ಪುಟ ತೆರೆದರು. ಅಮೆರಿಕದ ಆ ಕಂಪನಿ ಆಗ ಮತಯಂತ್ರಗಳನ್ನು ತಯಾರಿಸುತ್ತಿತ್ತು. ಆ ಯಂತ್ರಗಳನ್ನು ನಂಬಬಹುದೇ ಅನ್ನುವ ಟೀಕೆಗಳು ಪುಟದಲ್ಲಿ ಸಾಕಷ್ಟಿದ್ದವು. ಬಂದವರು 15 ಪ್ಯಾರಾಗಳನ್ನು ಅಳಿಸಿ ಹೋದರು. ಲಾಗಿನ್ ಆಗಿರಲಿಲ್ಲ, ಹಾಗಾಗಿ ಹೆಸರೂ ಇರಲಿಲ್ಲ. ಪುಟದ ಇತಿಹಾಸದಲ್ಲಿ ಉಳಿದದ್ದು ಒಂದು ಐಪಿ ವಿಳಾಸ, ಅಂದರೆ ಚುಕ್ಕಿಗಳಿಂದ ಬೇರೆಯಾದ ನಾಲ್ಕು ಸಂಖ್ಯೆಗಳು ಮಾತ್ರ. ಬೇಗನೇ ಇನ್ಯಾರೋ ಸ್ವಯಂಸೇವಕರು ಅಷ್ಟನ್ನೂ ವಾಪಸ್ ಹಾಕಿದರು. ವಿಷಯ ಅಳಿಸುವುದನ್ನು ನಿಲ್ಲಿಸಿ ಅಂತ ಎಚ್ಚರಿಕೆಯನ್ನೂ ಬರೆದಿಟ್ಟರು.

ಸುಮಾರು ಎರಡು ವರ್ಷದ ನಂತರ, 2007ರ ಆಗಸ್ಟಿನಲ್ಲಿ, ವರ್ಜಿಲ್ ಗ್ರಿಫಿತ್ ಎಂಬ ವಿದ್ಯಾರ್ಥಿ ವಿಕಿಸ್ಕ್ಯಾನರ್ ಅನ್ನುವ ಸಾಧನ ಮಾಡಿ ಎಲ್ಲರಿಗೂ ತೆರೆದಿಟ್ಟರು. ಅದು ಮಾಡಿದ ಕೆಲಸ ಸರಳ. ಲಾಗಿನ್ ಆಗದೆ ಮಾಡಿದ ತಿದ್ದುಪಡಿಗಳ ಐಪಿ ವಿಳಾಸಗಳನ್ನು ತೆಗೆದುಕೊಂಡು, ಯಾವ ವಿಳಾಸ ಯಾವ ಸಂಸ್ಥೆಯ ಹೆಸರಿನಲ್ಲಿದೆ ಅಂತ ಜೋಡಿಸಿ ತೋರಿಸಿತು. ಆ 15 ಪ್ಯಾರಾ ಅಳಿಸಿದ ಕಂಪ್ಯೂಟರ್ ಇದ್ದದ್ದು ಡೀಬೋಲ್ಡ್ ಕಂಪನಿಯದೇ ಜಾಲದಲ್ಲಿ. ಸಿಐಎ, ವ್ಯಾಟಿಕನ್, ದೊಡ್ಡ ದೊಡ್ಡ ಕಂಪನಿಗಳು, ರಾಜಕಾರಣಿಗಳ ಕಚೇರಿಗಳು, ಎಲ್ಲ ಕಡೆಯಿಂದಲೂ ತಿದ್ದುಪಡಿಗಳು ಬಂದಿದ್ದವು. ಒಂದು ಮಾತು ಇಲ್ಲೇ ಹೇಳಬೇಕು. ಸಂಸ್ಥೆಯ ಜಾಲದಿಂದ ಬಂದ ತಿದ್ದುಪಡಿಯನ್ನೆಲ್ಲ ಸಂಸ್ಥೆಯೇ ಮಾಡಿಸಿತು ಅನ್ನುವಂತಿಲ್ಲ. ಯಾವುದೋ ನೌಕರರು ಬಿಡುವಿನಲ್ಲಿ ಸುಮ್ನೆ ಮಾಡಿದ್ದೂ ಇರಬಹುದು. ಆದರೂ ಓದುವವರಿಗೆ ಒಂದು ವಿಷಯ ಗೊತ್ತಾಯಿತು. ಯಾರ ಬಗ್ಗೆ ಪುಟ ಇದೆಯೋ ಅವರ ಕೈಯಲ್ಲೂ ಪೆನ್ನು ಇದೆ!

ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಿ ಇದಕ್ಕೆ ಹಿತಾಸಕ್ತಿ ಸಂಘರ್ಷ ಅನ್ನುತ್ತಾರೆ. ಹೆಸರು ಸ್ವಲ್ಪ ಭಾರ. ಅದರ ಅರ್ಥ ಮಾತ್ರ ನಮಗೆಲ್ಲ ಗೊತ್ತಿರುವುದೇ: ಹೆತ್ತವರಿಗೆ ಹೆಗ್ಗಣ ಮುದ್ದು.

ಈ ಗಾದೆ ಹೆತ್ತವರನ್ನು ಸುಳ್ಳುಗಾರರು ಅನ್ನುವುದಿಲ್ಲ. ಅವರ ಕಣ್ಣಿಗೆ ಅದು ನಿಜವಾಗಿಯೂ ಮುದ್ದಾಗಿಯೇ ಕಾಣುತ್ತದೆ. ಹಿತಾಸಕ್ತಿ ಸಂಘರ್ಷದ ಬಗ್ಗೆ ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ. "ನಿಮಗೆ ಹಿತಾಸಕ್ತಿ ಸಂಘರ್ಷ ಇದೆ" ಅಂದ ತಕ್ಷಣ "ನನ್ನನ್ನು ಕಳ್ಳ ಅಂತೀರಾ?" ಅಂತ ಸಿಟ್ಟಾಗುತ್ತಾರೆ. ಆ ಮಾತು ಹೇಳುವುದು ಬರೆಯುವವರಿಗೂ ವಿಷಯಕ್ಕೂ ಇರುವ ನಂಟಿನ ಬಗ್ಗೆ. ಅವರ ಮನಸ್ಸು ಶುದ್ಧವೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ. ನೀವು ಒಂದು ಕಂಪನಿಯಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದರೆ ಆ ಕಂಪನಿಯ ಪುಟದ ಮಟ್ಟಿಗೆ ಸಂಘರ್ಷ ಇದೆ. ಪುಟ ನಿಮ್ಮ ಬಗ್ಗೆಯೇ ಇದ್ದರೂ ಇದೆ, ನಿಮ್ಮ ಗಂಡ, ಹೆಂಡತಿ, ತಂದೆ, ಗೆಳೆಯರ ಬಗ್ಗೆ ಇದ್ದರೂ ಇದೆ. ನಿಮ್ಮ ಎದುರಾಳಿ ಕಂಪನಿಯ ಪುಟವನ್ನು ತಿದ್ದುವಾಗಲೂ ಇದೆ. ಅದನ್ನು ಜನ ಮರೆತುಬಿಡುತ್ತಾರೆ. ಹೊಗಳಿದರೆ ಮಾತ್ರ ಸಂಘರ್ಷ ಅಂತಲ್ಲ. ವ್ಯಾಜ್ಯ ಇರುವವರ ಬಗ್ಗೆ ಕೆಟ್ಟದ್ದು ಸೇರಿಸುವುದೂ ಅದೇ ರೋಗ.

ಹಾಗಂತ ಗಟ್ಟಿಯಾದ ಅಭಿಪ್ರಾಯ ಇರುವುದೆಲ್ಲ ಸಂಘರ್ಷವಲ್ಲ. ಕ್ರಿಕೆಟ್ ಪ್ರೇಮಿ ತನ್ನ ಮೆಚ್ಚಿನ ಆಟಗಾರನ ಪುಟ ಬರೆಯಬಹುದು. ಅಲ್ಲಿ ಬರೀ ಹೊಗಳಿಕೆ ಇದ್ದರೆ ಅದು ಪಕ್ಷಪಾತ. ಅದನ್ನು ಸರಿ ಮಾಡಲು ಬೇರೆ ನಿಯಮಗಳಿವೆ. ಆಟಗಾರನ ಮ್ಯಾನೇಜರ್ ಬರೆದರೆ ಸಂಘರ್ಷ, ಅದರಲ್ಲಿ ಒಂದೂ ಹೊಗಳಿಕೆ ಇಲ್ಲದಿದ್ದರೂ. ಪಕ್ಷಪಾತ ಬರಹದಲ್ಲೇ ಕಾಣುತ್ತದೆ. ಸಂಘರ್ಷ ಇರುವುದು ಸಂಬಂಧದಲ್ಲಿ. ಬರಹ ನೋಡಿ ಅದನ್ನು ಹೇಳಲು ಬಹಳ ಸಲ ಆಗುವುದೇ ಇಲ್ಲ.

ಇದು ನನಗೆ ಗೊತ್ತಾದದ್ದು ನನ್ನದೇ ಅನುಭವದಿಂದ. ಕೆಲವು ವರ್ಷ ನಾನು ಸ್ವಯಂಸೇವಕನಾಗಿದ್ದ ಒಂದು ಸಂಸ್ಥೆಯ ಬಗ್ಗೆ ಪುಟ ಬರೆದೆ. ಪ್ರತಿ ವಾಕ್ಯಕ್ಕೂ ಪತ್ರಿಕೆಯ ಆಧಾರ ಕೊಟ್ಟೆ. ಒಂದೇ ಒಂದು ಸುಳ್ಳು ಇರಲಿಲ್ಲ. "ನಿಸ್ವಾರ್ಥ", "ಅನುಪಮ" ಅನ್ನುವಂಥ ಪದಗಳನ್ನು ಹುಡುಕಿ ಹುಡುಕಿ ತೆಗೆದಿದ್ದೆ. ತೃಪ್ತಿಯಿಂದ ಪುಟ ಉಳಿಸಿದೆ. ಎರಡು ದಿನದ ನಂತರ, ನನಗೆ ಪರಿಚಯವೇ ಇಲ್ಲದ ಸಂಪಾದಕರೊಬ್ಬರು (ವಿಕಿಪೀಡಿಯದಲ್ಲಿ ಬರೆಯುವ, ತಿದ್ದುವ ಎಲ್ಲರಿಗೂ ಇದೇ ಹೆಸರು) ಚರ್ಚೆ ಪುಟದಲ್ಲಿ, ಅಂದರೆ ಲೇಖನದ ಬಗ್ಗೆ ಮಾತಾಡಿಕೊಳ್ಳಲು ಅದರ ಜೊತೆಗೇ ಇರುವ ಪುಟದಲ್ಲಿ, ಒಂದು ಸಾಲು ಬರೆದರು: "ಈ ಸಂಸ್ಥೆಯ ಲೆಕ್ಕಪತ್ರದ ಬಗ್ಗೆ ಎರಡು ಪತ್ರಿಕೆಗಳಲ್ಲಿ ವರದಿ ಬಂದಿತ್ತಲ್ಲ, ಅದು ಯಾಕೆ ಇಲ್ಲಿಲ್ಲ?"

ನಾನು ಅದನ್ನು ಬಚ್ಚಿಟ್ಟಿರಲಿಲ್ಲ. ಬರೆಯುವಾಗ ಅದು ನೆನಪಿಗೇ ಬರಲಿಲ್ಲ, ಅಷ್ಟೇ. ನನ್ನ ತಲೆಯಲ್ಲಿ ಆ ಸಂಸ್ಥೆ ಅಂದರೆ ಅಲ್ಲಿನ ಜನ, ಸಂಜೆಯ ಸಭೆಗಳು, ಒಟ್ಟಿಗೆ ಮಾಡಿದ ಕೆಲಸ. ಲೆಕ್ಕದ ಗಲಾಟೆ ಅಲ್ಲಿದ್ದವರಿಗೆಲ್ಲ "ಮುಗಿದ ವಿಷಯ". ಹೊರಗಿನವರಿಗೆ ಅದೇ ಆ ಸಂಸ್ಥೆಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಮುಖ್ಯ ಸುದ್ದಿ. ನಂಟು ಇರುವವರ ಬರಹದಲ್ಲಿ ದೊಡ್ಡ ಅಪಾಯ ಸುಳ್ಳು ಬರೆಯುವುದಲ್ಲ ಅಂತ ನಾನು ಇವತ್ತಿಗೂ ನಂಬಿದ್ದೇನೆ. ದೊಡ್ಡ ಅಪಾಯ, ಹೊಳೆಯದೇ ಹೋಗುವ ವಿಷಯಗಳು. ಎಷ್ಟು ಪ್ರಾಮಾಣಿಕರಾದರೂ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ.

ಗೊತ್ತಿದ್ದೇ ಮಾಡುವವರ ಕೈಚಳಕ ಬೇರೆ ಥರ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಕಂಪನಿಯೊಂದರ ಪುಟದಲ್ಲಿ ಹೀಗಿದೆ ಅಂದುಕೊಳ್ಳಿ: "ಸುರಕ್ಷತಾ ತಪಾಸಣೆಯಲ್ಲಿ ಲೋಪಗಳು ಕಂಡುಬಂದದ್ದರಿಂದ ಕಾರ್ಖಾನೆಯನ್ನು ಮೂರು ತಿಂಗಳು ಮುಚ್ಚಲಾಯಿತು." ವಾಕ್ಯದ ಕೊನೆಗೆ ಪತ್ರಿಕಾ ವರದಿಯ ಉಲ್ಲೇಖ. ಯಾರೋ ಬಂದು ಅದನ್ನು ಹೀಗೆ ಮಾಡುತ್ತಾರೆ: "ಸುರಕ್ಷತಾ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಲು ಕಾರ್ಖಾನೆ ಕೆಲಕಾಲ ಕೆಲಸ ನಿಲ್ಲಿಸಿತು." ಉಲ್ಲೇಖದ ಸಂಖ್ಯೆ ಮೊದಲಿದ್ದ ಜಾಗದಲ್ಲೇ ಇದೆ. ಬದಲಾವಣೆಯ ಸಾರಾಂಶದಲ್ಲಿ, ಅಂದರೆ ಏನು ತಿದ್ದಿದೆ ಅಂತ ಹೇಳುವ ಚಿಕ್ಕ ಟಿಪ್ಪಣಿಯಲ್ಲಿ, "ಭಾಷೆ ಸರಿಪಡಿಸಿದೆ" ಅಂತ ಬರೆದಿದೆ. ಈಗ ಲೋಪ ಇಲ್ಲ, ಮುಚ್ಚಿಸಿದವರಿಲ್ಲ, ಮೂರು ತಿಂಗಳೂ ಇಲ್ಲ. ಓದುವವರಿಗೆ ಮಾತ್ರ ಪತ್ರಿಕೆಯೇ ಹೀಗೆ ಹೇಳಿದೆ ಅನ್ನಿಸುತ್ತದೆ. ಮೂಲ ವರದಿ ತೆರೆದು ಹೋಲಿಸಿ ನೋಡುವವರು ಎಷ್ಟು ಜನ ಇದ್ದಾರು?

ಪತ್ರಿಕೆಯಲ್ಲಿ ಜಾಹೀರಾತು ಬಂದರೆ ಅದು ಜಾಹೀರಾತು ಅಂತ ಗೊತ್ತಾಗುತ್ತದೆ. ಕಂಪನಿಯ ಸ್ವಂತ ಜಾಲತಾಣದಲ್ಲಿ ಹೊಗಳಿಕೆ ಇದ್ದರೆ ನಾವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುತ್ತೇವೆ. ವಿಶ್ವಕೋಶದ ಪುಟಕ್ಕೆ ಲೇಖಕರ ಹೆಸರು ಇರುವುದಿಲ್ಲ. ಎಲ್ಲರೂ ಸೇರಿ ಬರೆದದ್ದು ಅನ್ನುವ ಒಂದೇ ದನಿ ಅಲ್ಲಿ ಕೇಳುತ್ತದೆ. ಆ ದನಿಯ ಮೇಲಿನ ನಂಬಿಕೆ 2001ರಿಂದ ಲಕ್ಷಾಂತರ ಜನ ಬಿಟ್ಟಿಯಾಗಿ ದುಡಿದು ಗಳಿಸಿದ್ದು. ಗುಟ್ಟಾಗಿ ತಮ್ಮ ಪುಟ ತಿದ್ದಿಕೊಳ್ಳುವವರು ಆ ನಂಬಿಕೆಯನ್ನು ಕೇಳದೆ ಎರವಲು ಪಡೆಯುತ್ತಾರೆ. ಹುಡುಕು ಯಂತ್ರಗಳು ಅಲ್ಲಿಂದಲೇ ಎತ್ತಿ ತೋರಿಸುತ್ತವೆ. ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಅದನ್ನೇ ಓದಿ ಕಲಿಯುತ್ತವೆ. ಒಂದು ಸಾಲು ಬದಲಾದರೆ ಅದು ಆ ಪುಟದಲ್ಲೇ ನಿಲ್ಲುವುದಿಲ್ಲ.

ಇನ್ನೊಂದು ನಷ್ಟ ಇದೆ. ಅದರ ಬಗ್ಗೆ ಮಾತಾಡುವವರು ಕಮ್ಮಿ, ನನಗೆ ಜಾಸ್ತಿ ನೋವಾಗುವುದೂ ಅದರಿಂದಲೇ. ಒಂದು ಕಡೆ ಸಂಬಳ ಪಡೆದು, ಕಚೇರಿ ಹೊತ್ತಿನಲ್ಲಿ ಒಂದೇ ಪುಟದ ಹಿಂದೆ ಬಿದ್ದವರು. ಇನ್ನೊಂದು ಕಡೆ ಕೆಲಸ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಕೂತು ತಿದ್ದುವವರು. ಚರ್ಚೆ ಪುಟದಲ್ಲಿ ಇಬ್ಬರೂ ಸಮ ಅಂತ ಕಾಣುತ್ತಾರೆ. ಹತ್ತು ಸುತ್ತು ವಾದ ನಡೆದರೆ ಮೊದಲು ಸೋಲುವುದು ಯಾರು? ಎರಡನೆಯವರು. ವಾದದಲ್ಲಿ ಅಲ್ಲ, ಸುಸ್ತಿನಲ್ಲಿ. ಹಾಗೆ ಸುಸ್ತಾಗಿ ಬಿಟ್ಟುಹೋದ ಒಳ್ಳೆಯ ಸಂಪಾದಕರ ಲೆಕ್ಕ ಯಾವ ಇತಿಹಾಸ ಪುಟದಲ್ಲೂ ಸಿಗುವುದಿಲ್ಲ.

ಹಾಗಾದರೆ ನಿಯಮ ಏನು ಹೇಳುತ್ತದೆ?

ದುಡ್ಡಿನ ವಿಷಯದಲ್ಲಿ ನಿಯಮ ಖಡಕ್ಕಾಗಿದೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2014ರ ಜೂನ್‌ನಲ್ಲಿ ತನ್ನ ಬಳಕೆಯ ನಿಯಮಗಳಿಗೆ ಒಂದು ಷರತ್ತು ಸೇರಿಸಿತು. ದುಡ್ಡು ಅಥವಾ ಬೇರೆ ಯಾವುದೇ ಪ್ರತಿಫಲ ಪಡೆದು ಬರೆಯುವವರು ಮೂರು ವಿಷಯ ಬಹಿರಂಗ ಮಾಡಬೇಕು: ಕೆಲಸ ಕೊಟ್ಟವರು ಯಾರು, ಯಾರ ಪರವಾಗಿ ಬರೆಯುತ್ತಿದ್ದೀರಿ, ಇನ್ನೇನಾದರೂ ನಂಟು ಇದೆಯೇ. ಇದನ್ನು ತಮ್ಮ ಸದಸ್ಯ ಪುಟದಲ್ಲೋ (ಖಾತೆ ಇರುವವರು ತಮ್ಮ ಬಗ್ಗೆ ಹೇಳಿಕೊಳ್ಳುವ ಪುಟ), ಆ ಲೇಖನದ ಚರ್ಚೆ ಪುಟದಲ್ಲೋ, ಬದಲಾವಣೆಯ ಸಾರಾಂಶದಲ್ಲೋ ಬರೆಯಬೇಕು. "ಇದಕ್ಕೇ ಅಂತ ಯಾರೂ ದುಡ್ಡು ಕೊಟ್ಟಿಲ್ಲ, ನಾನು ಕಂಪನಿಯ ಪ್ರಚಾರ ವಿಭಾಗದ ನೌಕರ ಅಷ್ಟೇ" ಅಂದರೆ ನಡೆಯುವುದಿಲ್ಲ. ಸಂಬಳವೂ ಪ್ರತಿಫಲವೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಟರ್ನ್‌ಗಳನ್ನೂ ನೌಕರರ ಲೆಕ್ಕಕ್ಕೇ ಸೇರಿಸುತ್ತಾರೆ.

ದುಡ್ಡಿಲ್ಲದ ನಂಟಿಗೆ, ಅಂದರೆ ಬಳಗ, ಸ್ನೇಹ, ಗುರು ಶಿಷ್ಯ ಸಂಬಂಧ ಇಂಥವಕ್ಕೆ, ನಿಯಮ ಅಷ್ಟು ಕಟ್ಟುನಿಟ್ಟಲ್ಲ. ಆದರೆ ಬುದ್ಧಿಮಾತು ಒಂದೇ. ನಂಟು ಹೇಳಿ. ಪುಟವನ್ನು ನೇರವಾಗಿ ತಿದ್ದಬೇಡಿ. ಏನು ಬದಲಾಗಬೇಕು ಅಂತ ಚರ್ಚೆ ಪುಟದಲ್ಲಿ ಬರೆಯಿರಿ. ಸಂಬಂಧವಿಲ್ಲದ ಇನ್ನೊಬ್ಬರು ನೋಡಿ ನಿರ್ಧರಿಸಲಿ. ಹಣ ಪಡೆದು ಒಬ್ಬರ ಪರ ಕೆಲಸ ಮಾಡುವವರು ಲೇಖನವನ್ನು ಮುಟ್ಟಲೇಬಾರದು, ಚರ್ಚೆ ಪುಟದಲ್ಲೇ ಇರಬೇಕು ಅನ್ನುವುದು ವಿಕಿಪೀಡಿಯದ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಹಾಕಿದ ಲಕ್ಷ್ಮಣರೇಖೆ. ಅದು ಪೂರ್ತಿ ನಿಷೇಧವಾಗಿ ನಿಯಮದ ಪುಸ್ತಕಕ್ಕೆ ಹೋಗಲಿಲ್ಲ. ನೇರವಾಗಿ ತಿದ್ದುವುದು ಸರಿಯಲ್ಲ ಅಂತ ಬಲವಾಗಿ ಹೇಳುತ್ತಾರೆ, ಬೇಲಿ ಹಾಕಿಲ್ಲ. ಸಣ್ಣಪುಟ್ಟದ್ದಕ್ಕೆ ವಿನಾಯಿತಿಯೂ ಇದೆ. ಕಾಗುಣಿತ ತಿದ್ದುವುದು, ಯಾರೋ ಬೇಕಂತಲೇ ಹಾಕಿದ ಬೈಗುಳ ತೆಗೆಯುವುದು, ಬದುಕಿರುವ ವ್ಯಕ್ತಿಯ ಬಗ್ಗೆ ಆಧಾರವಿಲ್ಲದೆ ಬರೆದ ಆರೋಪ ಅಳಿಸುವುದು, ಇವನ್ನು ಯಾರು ಬೇಕಾದರೂ ಮಾಡಬಹುದು.

ಚರ್ಚೆ ಪುಟದಲ್ಲಿ ಕೇಳಿಕೊಳ್ಳುವುದರಲ್ಲೂ ಒಂದು ಹದ ಇದೆ. "ನಮ್ಮ ಪುಟ ಹಳೆಯದಾಗಿದೆ, ದಯವಿಟ್ಟು ಅಪ್‌ಡೇಟ್ ಮಾಡಿ" ಅಂತ ಬರೆದು ನಾಲ್ಕು ಪುಟದ ಪತ್ರಿಕಾ ಪ್ರಕಟಣೆ ಅಂಟಿಸಿದರೆ ಯಾರೂ ಕೈ ಹಾಕುವುದಿಲ್ಲ. ನೋಡುವವರಿಗೆ ಅದು ಹೊರೆ. ಹೀಗೆ ಬರೆದು ನೋಡಿ: "ನಾನು ಈ ಕಂಪನಿಯ ಉದ್ಯೋಗಿ. ಎರಡನೇ ಪ್ಯಾರಾದಲ್ಲಿರುವ ನೌಕರರ ಸಂಖ್ಯೆ ಆರು ವರ್ಷ ಹಳೆಯದು. ಈ ವಾಕ್ಯದ ಬದಲು ಈ ವಾಕ್ಯ ಹಾಕಬಹುದೇ? ಹೊಸ ಸಂಖ್ಯೆ ಈ ಪತ್ರಿಕೆಯ ಈ ವರದಿಯಲ್ಲಿದೆ." ಯಾರು, ಎಲ್ಲಿ, ಏನು, ಯಾವ ಆಧಾರ, ಎಲ್ಲವೂ ನಾಲ್ಕು ಸಾಲಿನಲ್ಲಿ ಬಂತು. ಇಂಥ ಮನವಿಗಳು ಬಹಳ ಸಲ ಒಪ್ಪಿಗೆ ಆಗುತ್ತವೆ. ಕಾಯಬೇಕಾಗುತ್ತದೆ, ಅದು ನಿಜ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಉತ್ತರ ಕೊಡುವವರೂ ಬಿಡುವಿನಲ್ಲಿ ಬರುವವರೇ ಅಲ್ವಾ?

ಕಡಿಮೆ ಸಂಪಾದಕರಿರುವ ಭಾಷೆಗಳ ವಿಕಿಪೀಡಿಯಗಳಲ್ಲಿ ಚರ್ಚೆ ಪುಟದಲ್ಲಿ ಬರೆದದ್ದು ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಆಗ ಎಲ್ಲರೂ ಸೇರುವ ಸಾಮಾನ್ಯ ಚರ್ಚಾ ಜಾಗಕ್ಕೆ ಹೋಗಿ ಕೇಳುವುದು ಒಳ್ಳೆಯದು. ಕನ್ನಡ ವಿಕಿಪೀಡಿಯದಲ್ಲಿ ಆ ಜಾಗದ ಹೆಸರು ಅರಳಿ ಕಟ್ಟೆ. ಇಂಥ ವಿಕಿಗಳಲ್ಲಿ ಕಾಯುವ ಕಣ್ಣುಗಳು ಕಮ್ಮಿ. ಗುಟ್ಟಾಗಿ ಸೇರಿದ ಪ್ರಚಾರ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

"ನನ್ನ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. 2012ರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಇದೇ ಪ್ರಶ್ನೆ ಕೇಳಿದರು. ಅವರ ಒಂದು ಕಾದಂಬರಿಗೆ ಸ್ಫೂರ್ತಿ ಯಾರು ಅನ್ನುವ ಬಗ್ಗೆ ವಿಕಿಪೀಡಿಯದಲ್ಲಿದ್ದದ್ದು ತಪ್ಪು ಅಂತ ಅವರೇ ಹೇಳಿ ತಿದ್ದಿಸಲು ಹೋದರು. ಲೇಖಕರ ಮಾತು ಮಾತ್ರ ಸಾಲದು, ಬೇರೆ ಮೂಲದ ಆಧಾರ ಬೇಕು ಅನ್ನುವ ಉತ್ತರ ಬಂತು. ಅವರು ನ್ಯೂಯಾರ್ಕರ್ ಪತ್ರಿಕೆಯ ಜಾಲತಾಣದಲ್ಲಿ ಬಹಿರಂಗ ಪತ್ರ ಬರೆದರು. ಕೊನೆಗೆ ಆ ಪತ್ರವೇ ಆಧಾರವಾಗಿ, ಅವರ ಮಾತು ಪುಟಕ್ಕೆ ಸೇರಿತು. ಬಹಳ ಜನ ಈ ಕಥೆ ಕೇಳಿ ನಗುತ್ತಾರೆ. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಪರದೆಯ ಆಚೆ ಕೂತಿರುವವರು ನಿಜವಾಗಿ ರಾತ್ ಅವರೇ ಅಂತ ಸ್ವಯಂಸೇವಕರಿಗೆ ಹೇಗೆ ಗೊತ್ತಾಗಬೇಕು? ಬಹಿರಂಗವಾಗಿ ಬರೆದರೆ ಅವರು ಹೇಳಿದರು ಅನ್ನುವುದಕ್ಕಾದರೂ ದಾಖಲೆ ಇರುತ್ತದೆ. ಓದುವವರು ತಾವೇ ತೆರೆದು ನೋಡಬಹುದು.

ಇದರ ಇನ್ನೊಂದು ಮುಖ ನೋವಿನದ್ದು. 2005ರಲ್ಲಿ ಜಾನ್ ಸೀಗೆಂತಾಲರ್ ಎಂಬ ಹಿರಿಯ ಪತ್ರಕರ್ತರ ಪುಟದಲ್ಲಿ ಯಾರೋ ತಮಾಷೆಗೆ ಅಂತ ಸುಳ್ಳು ಬರೆದರು. ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ಮತ್ತು ಅವರ ತಮ್ಮ ರಾಬರ್ಟ್ ಅವರ ಕೊಲೆಯಲ್ಲಿ ಇವರ ಮೇಲೆ ಸಂಶಯ ಇತ್ತು ಅನ್ನುವಷ್ಟು ದೊಡ್ಡ ಸುಳ್ಳು. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಸೀಗೆಂತಾಲರ್ ರಾಬರ್ಟ್ ಕೆನೆಡಿ ಅವರ ಜೊತೆ ಕೆಲಸ ಮಾಡಿದವರು, ಅವರ ಸ್ನೇಹಿತರು. ಇಂಥ ಹೊತ್ತಿನಲ್ಲಿ "ನಿಮಗೆ ಸಂಘರ್ಷ ಇದೆ, ಮುಟ್ಟಬೇಡಿ" ಅನ್ನುವುದು ಅನ್ಯಾಯ. ಬದುಕಿರುವವರ ಪುಟಗಳಿಗೆ ವಿಕಿಪೀಡಿಯ ಆಮೇಲೆ ಬಿಗಿಯಾದ ನಿಯಮ ಮಾಡಿಕೊಂಡಿತು. ಆಧಾರವಿಲ್ಲದ ಆರೋಪವನ್ನು ಚರ್ಚೆಗೆ ಕಾಯದೆ ಕೂಡಲೇ ತೆಗೆಯಬಹುದು, ತೆಗೆಯುವವರು ಆ ವ್ಯಕ್ತಿಯೇ ಆಗಿದ್ದರೂ ಸರಿ.

ಈಗ ಕತ್ತಲೆಯ ಕಡೆಗೆ ಬರೋಣ. ದುಡ್ಡಿಗೆ ಬರೆದುಕೊಡುವ ಗುಟ್ಟಿನ ಅಂಗಡಿಗಳು ಬಹಳ ಇವೆ. 2011ರಲ್ಲಿ ಬ್ರಿಟನ್ನಿನ ಬೆಲ್ ಪಾಟಿಂಜರ್ ಎಂಬ ಪ್ರಚಾರ ಸಂಸ್ಥೆಗೆ ಸೇರಿದ ಖಾತೆಗಳು ಸಿಕ್ಕಿಬಿದ್ದವು. 2013ರಲ್ಲಿ ವಿಕಿ-ಪಿಆರ್ ಎಂಬ ಕಂಪನಿಯ ಪ್ರಕರಣ ಹೊರಬಂತು. ಆ ತನಿಖೆಯಲ್ಲಿ 250ಕ್ಕೂ ಹೆಚ್ಚು ಖಾತೆಗಳಿಗೆ ಬೀಗ ಬಿತ್ತು, ಫೌಂಡೇಶನ್ ವಕೀಲರ ನೋಟಿಸ್ ಕಳಿಸಿತು. ನಂಟು ಬಹಿರಂಗ ಮಾಡಬೇಕು ಅನ್ನುವ ಷರತ್ತು ಮುಂದಿನ ವರ್ಷ ಬಂದದ್ದರ ಹಿಂದೆ ಈ ಪ್ರಕರಣದ ಪಾಲೂ ಇದೆ. 2014ರ ಜೂನ್‌ನಲ್ಲೇ 11 ದೊಡ್ಡ ಪ್ರಚಾರ ಸಂಸ್ಥೆಗಳು ನಾವು ವಿಕಿಪೀಡಿಯದ ನಿಯಮ ಪಾಲಿಸುತ್ತೇವೆ ಅಂತ ಬಹಿರಂಗವಾಗಿ ಹೇಳಿಕೆ ಕೊಟ್ಟವು. ಒಳ್ಳೆಯ ಬೆಳವಣಿಗೆ. ಆದರೆ ಮುಂದಿನ ವರ್ಷ ಬಯಲಾದದ್ದು ಬರೀ ಪ್ರಚಾರವಲ್ಲ, ಸುಲಿಗೆ.

ಅದರ ಹೆಸರು ಆರೆಂಜ್‌ಮೂಡಿ, ಮೊದಲು ಸಿಕ್ಕಿಬಿದ್ದ ಖಾತೆಯ ಹೆಸರೇ ಪ್ರಕರಣಕ್ಕೆ ಬಂತು. ಕೆಲಸ ನಡೆದ ರೀತಿ ಹೀಗೆ. ಯಾರೋ ಒಬ್ಬ ಸಣ್ಣ ವ್ಯಾಪಾರಿ ಅಥವಾ ಕಲಾವಿದರು ತಮ್ಮ ಬಗ್ಗೆ ಕರಡು ಬರೆದು ಸಲ್ಲಿಸುತ್ತಾರೆ. ಇದು ಜಾಹೀರಾತಿನ ಥರ ಇದೆ ಅಂತ ಕರಡು ತಿರಸ್ಕಾರ ಆಗುತ್ತದೆ. ಅಂಥ ತಿರಸ್ಕಾರಗಳು ಎಲ್ಲರಿಗೂ ಕಾಣುವಂತೆಯೇ ಇರುತ್ತವೆ. ತಂಡದವರು ಅವನ್ನೇ ಹುಡುಕುತ್ತಿದ್ದರು. ಸಿಕ್ಕ ಕೂಡಲೇ ಆ ವ್ಯಕ್ತಿಗೆ ಸಂಪರ್ಕ: "ನಾನು ವಿಕಿಪೀಡಿಯದ ಅನುಭವಿ ಸಂಪಾದಕ. ಇಷ್ಟು ಕೊಟ್ಟರೆ ನಿಮ್ಮ ಲೇಖನ ಪ್ರಕಟ ಆಗುತ್ತದೆ" ಅನ್ನುವ ಧಾಟಿಯಲ್ಲಿ. ದುಡ್ಡು ಬಂದ ಮೇಲೆ ಒಂದು ಖಾತೆ ಲೇಖನ ಬರೆಯುತ್ತಿತ್ತು. ಇನ್ನೊಂದು ಖಾತೆ ಅದನ್ನು "ಪರಿಶೀಲಿಸಿ" ಒಪ್ಪುತ್ತಿತ್ತು. ಎರಡರ ಹಿಂದೆಯೂ ಒಂದೇ ಗುಂಪು. ಹೊಸ ಖಾತೆಗಳ ಮೇಲೆ ಅನುಮಾನ ಬರದಿರಲಿ ಅಂತ ಮೊದಲು ಸಣ್ಣ ಸಣ್ಣ ತಿದ್ದುಪಡಿ ಮಾಡಿಸಿ ಅವನ್ನು ಪಳಗಿಸುತ್ತಿದ್ದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ ಒಂದು ಖಾತೆಗೆ 4 ದಿನ ಮತ್ತು 10 ತಿದ್ದುಪಡಿ ಆದರೆ ಕೆಲವು ಹೆಚ್ಚಿನ ಹಕ್ಕುಗಳು ತಾನಾಗಿಯೇ ಬರುತ್ತವೆ. ಆ ಮೆಟ್ಟಿಲು ದಾಟಲು ಅಷ್ಟು ಸಾಕಿತ್ತು. ಲೇಖನ ಪ್ರಕಟವಾದ ಮೇಲೆ ಇನ್ನೊಂದು ಬೇಡಿಕೆ: ಪುಟ ಅಳಿಸಿಹೋಗದಂತೆ ಕಾಪಾಡಬೇಕಾದರೆ ತಿಂಗಳು ತಿಂಗಳು ಹಣ ಕೊಡಿ.

2015ರ ಆಗಸ್ಟ್ ಕೊನೆಯಲ್ಲಿ ಒಟ್ಟು 381 ಖಾತೆಗಳನ್ನು ತಡೆಹಿಡಿದು, 210 ಲೇಖನಗಳನ್ನು ಅಳಿಸಿದರು. ವಾರಗಟ್ಟಲೆ ಈ ಜಾಲದ ಎಳೆ ಹಿಡಿದು ಹೋದವರು ಸಂಬಳವಿಲ್ಲದ ಸ್ವಯಂಸೇವಕರೇ. ಮೋಸ ಹೋದವರಲ್ಲಿ ಬಹಳ ಜನಕ್ಕೆ ತಾವು ನಿಯಮ ಮುರಿದೆವು ಅಂತಲೇ ಗೊತ್ತಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ಅದು ಒಂದು ಶುಲ್ಕ. ವಿಕಿಪೀಡಿಯದಲ್ಲಿ ಲೇಖನ ಪ್ರಕಟಿಸಲು ಶುಲ್ಕ ಇಲ್ಲ. ಉಳಿಸಿಕೊಳ್ಳಲೂ ಇಲ್ಲ. ಯಾರಾದರೂ ಫೋನ್ ಅಥವಾ ಇಮೇಲ್ ಮಾಡಿ ದುಡ್ಡು ಕೇಳಿದರೆ, ಅವರು ಯಾರು ಅಂತ ಹೇಳಿಕೊಂಡರೂ, ಕೊಡಬೇಡಿ.

ಹೊರಗಿನವರ ಕಥೆ ಮಾತ್ರ ಹೇಳಿದರೆ ಅದು ಅರ್ಧ ಸತ್ಯ. 2005ರಲ್ಲಿ ಜಿಮ್ಮಿ ವೇಲ್ಸ್ ತಮ್ಮದೇ ಪುಟವನ್ನು ಹಲವು ಸಲ ತಿದ್ದಿದ್ದರು. ಲ್ಯಾರಿ ಸ್ಯಾಂಗರ್ ವಿಕಿಪೀಡಿಯದ ಸಹ-ಸ್ಥಾಪಕರು ಅನ್ನುವಂಥ ಮಾತುಗಳನ್ನು ಬದಲಿಸಿದ್ದು ಅದರಲ್ಲಿ ಸೇರಿತ್ತು. ಸುದ್ದಿಯಾದ ಮೇಲೆ ಹಾಗೆ ಮಾಡಬಾರದಿತ್ತು ಅಂತ ಒಪ್ಪಿಕೊಂಡರು. 2012ರಲ್ಲಿ ಬ್ರಿಟನ್ನಿನ ವಿಕಿಮೀಡಿಯ ಸಂಘಟನೆಯ ಟ್ರಸ್ಟಿಯೊಬ್ಬರು ಸ್ಪೇನಿನ ಪಕ್ಕದ ಪುಟ್ಟ ಬ್ರಿಟಿಷ್ ಪ್ರದೇಶವಾದ ಜಿಬ್ರಾಲ್ಟರ್‌ನ ಸರ್ಕಾರಕ್ಕೆ ಸಂಭಾವನೆ ಪಡೆದು ಸಲಹೆಗಾರರಾಗಿದ್ದರು. ಜಿಬ್ರಾಲ್ಟರ್ ಬಗ್ಗೆ ಲೇಖನಗಳನ್ನು ಹೆಚ್ಚಿಸುವ ಯೋಜನೆಯಲ್ಲೂ ಇದ್ದರು. ಆ ವರ್ಷದ ಆಗಸ್ಟ್ ತಿಂಗಳೊಂದರಲ್ಲೇ ಇಂಗ್ಲಿಷ್ ವಿಕಿಪೀಡಿಯದ ಮುಖಪುಟದ "ನಿಮಗೆ ಗೊತ್ತೇ" ಅಂಕಣದಲ್ಲಿ ಜಿಬ್ರಾಲ್ಟರ್ 17 ಸಲ ಬಂತು. ಲೇಖನಗಳಲ್ಲಿ ಸುಳ್ಳಿತ್ತು ಅನ್ನುವುದು ಮುಖ್ಯ ದೂರಾಗಿರಲಿಲ್ಲ. ಆದರೂ ಟ್ರಸ್ಟಿ ರಾಜೀನಾಮೆ ಕೊಡಬೇಕಾಯಿತು. ಕಾಯುವವರ ನಂಟು ಬೇರೆಯವರ ನಂಟಿಗಿಂತ ಹೆಚ್ಚು ತೂಗುತ್ತದೆ. ಬೇಲಿ ಹೊಲ ಮೇಯದಿದ್ದರೂ, ಮೇಯುವ ದನದ ಮಾಲೀಕರ ಜೊತೆ ಲೆಕ್ಕ ಇಟ್ಟುಕೊಂಡಿದ್ದರೆ ಊರವರ ನಿದ್ದೆ ಕೆಡುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಅನುಮಾನ ಬಂದವರನ್ನೆಲ್ಲ ಹಿಡಿದು ಬಯಲಿಗೆಳೆಯಬೇಕು ಅನ್ನಿಸಬಹುದು. ನನಗೆ ಇಡೀ ವಿಷಯದಲ್ಲಿ ತುಂಬಾ ಕಷ್ಟದ್ದು ಅನ್ನಿಸುವುದು ಇದೇ. ವಿಕಿಪೀಡಿಯದಲ್ಲಿ ನಿಜ ಹೆಸರು ಹೇಳದೆ, ಬೇರೆ ಹೆಸರಿನಲ್ಲಿ ಬರೆಯುವ ಹಕ್ಕು ಇದೆ. ಅದು ಬರೀ ಸೌಕರ್ಯವಲ್ಲ. ತಮ್ಮ ಸರ್ಕಾರಕ್ಕೆ ಇಷ್ಟವಾಗದ ಸತ್ಯ ಬರೆಯುವವರಿಗೆ ಅದೇ ರಕ್ಷಣೆ. ಹಾಗಾಗಿ ಒಬ್ಬ ಸಂಪಾದಕರ ನಿಜವಾದ ಹೆಸರು, ಕೆಲಸದ ಜಾಗ, ವಿಳಾಸ ಇವನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕುವುದನ್ನು ಕಿರುಕುಳ ಅಂತ ಪರಿಗಣಿಸುತ್ತಾರೆ. ನಿಮ್ಮ ಅನುಮಾನ ನೂರಕ್ಕೆ ನೂರು ನಿಜವಾಗಿದ್ದರೂ ಅಷ್ಟೇ. ಒಂದು ಪುಟದಲ್ಲಿ ಬರೀ ಹೊಗಳಿಕೆ ಸೇರಿಸುತ್ತಿರುವ ಖಾತೆಯ ಮಾಲೀಕರು ಯಾರು ಅಂತ ಸಾಮಾಜಿಕ ಜಾಲತಾಣದಲ್ಲಿ ಹುಡುಕಿ, ಚರ್ಚೆ ಪುಟದಲ್ಲಿ ಅವರ ಫೋಟೊ ಅಂಟಿಸಿದರೆ ತಡೆ ಬೀಳುವುದು ನಿಮ್ಮ ಖಾತೆಗೆ.

ಹಾಗಾದರೆ ಏನು ಮಾಡಬೇಕು? ಮೊದಲು ಮೆತ್ತಗೆ ಕೇಳಿ. "ನಿಮಗೂ ಈ ವಿಷಯಕ್ಕೂ ಏನಾದರೂ ಸಂಬಂಧ ಇದೆಯೇ? ಇದ್ದರೆ ಹೀಗೆ ತಿಳಿಸಬಹುದು" ಅಂತ ಅವರ ಚರ್ಚೆ ಪುಟದಲ್ಲಿ ಬರೆಯಿರಿ. ಎಷ್ಟೋ ಜನ ಹೌದು ಅಂತಾರೆ, ಯಾಕೆಂದರೆ ನಿಯಮ ಇದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಉತ್ತರ ಬರದಿದ್ದರೆ ಬರಹವನ್ನು ನೋಡಿ. ಆಧಾರವಿಲ್ಲದ ಹೊಗಳಿಕೆ ತೆಗೆಯಲು, ಅಳಿಸಿದ ಟೀಕೆ ವಾಪಸ್ ತರಲು ಬರೆದವರು ಯಾರು ಅನ್ನುವುದು ಗೊತ್ತಿರಬೇಕಾಗಿಲ್ಲ. ಒಬ್ಬರೇ ಹಲವು ಖಾತೆ ನಡೆಸುತ್ತಿದ್ದಾರೆ ಅನ್ನುವ ಗಟ್ಟಿ ಅನುಮಾನ ಇದ್ದರೆ, ತಾಂತ್ರಿಕ ದಾಖಲೆ ನೋಡುವ ಅಧಿಕಾರ ಇರುವ ಕೆಲವೇ ಸ್ವಯಂಸೇವಕರಿದ್ದಾರೆ, ಅವರಿಗೆ ತಿಳಿಸಬೇಕು. ಆ ದಾಖಲೆ ಸಾಮಾನ್ಯವಾಗಿ 90 ದಿನ ಮಾತ್ರ ಇರುತ್ತದೆ. ಖಾಸಗಿ ಮಾಹಿತಿ ಇರುವ ದೂರನ್ನು ಇಮೇಲ್ ಮೂಲಕ ಗುಟ್ಟಾಗಿ ಕೊಡುವ ದಾರಿಯೂ ಇದೆ.

ಸಂಬಂಧ ಹೇಳಿಕೊಂಡವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಒಬ್ಬರು ಧೈರ್ಯ ಮಾಡಿ "ನಾನು ಈ ಸಂಸ್ಥೆಯವನು" ಅಂತ ಬರೆದ ತಕ್ಷಣ ನಾಲ್ಕು ಜನ ಮುಗಿಬಿದ್ದರೆ, ಮುಂದಿನವರು ಹೇಳದೆಯೇ ತಿದ್ದುತ್ತಾರೆ. ಅವರಿಗೆ ಹಾಗೆ ಕಲಿಸಿದವರು ನಾವೇ.

ನಡುವೆ ಬೂದು ಬಣ್ಣದ ಜಾಗಗಳು ಬಹಳ. ಸಂಶೋಧಕರು ತಮ್ಮದೇ ಪ್ರಬಂಧವನ್ನು ಉಲ್ಲೇಖಿಸಬಹುದೇ? ವಿಷಯಕ್ಕೆ ಬೇಕಾದದ್ದಾದರೆ, ಅತಿ ಆಗದಿದ್ದರೆ, ಹೌದು. ಇಪ್ಪತ್ತು ಪುಟಗಳಿಗೆ ಹೋಗಿ ಒಂದೇ ಪ್ರಬಂಧ ಸೇರಿಸಿದರೆ ಅದು ಪ್ರಚಾರ. ವಸ್ತುಸಂಗ್ರಹಾಲಯದ ಸಿಬ್ಬಂದಿ? 2010ರಲ್ಲಿ ಬ್ರಿಟಿಷ್ ಮ್ಯೂಸಿಯಂ ವಿಕಿಪೀಡಿಯದಲ್ಲಿ ಬರೆಯುವ ಒಬ್ಬರನ್ನು ತನ್ನಲ್ಲೇ ಕೂರಿಸಿಕೊಂಡಿತು. ಅಂಥ ಕೆಲಸದ ಉದ್ದೇಶ ಸಂಗ್ರಹದಲ್ಲಿರುವ ವಸ್ತುಗಳ ಬಗ್ಗೆ ತಿಳಿವಳಿಕೆ ಹೆಚ್ಚಿಸುವುದು, ಸಂಸ್ಥೆಯನ್ನು ಹೊಗಳುವುದಲ್ಲ. ಅದೇ ಪದ್ಧತಿ ಆಮೇಲೆ ಹಲವು ದೇಶಗಳಿಗೆ ಹಬ್ಬಿತು. ವೈದ್ಯರು ರೋಗದ ಬಗ್ಗೆ, ವಕೀಲರು ಕಾನೂನಿನ ಬಗ್ಗೆ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅವರು ಬರೆಯಲೇಬೇಕು. ತಮ್ಮ ಆಸ್ಪತ್ರೆ, ತಮ್ಮ ಕಕ್ಷಿದಾರರು ಅಂದಾಗ ಮಾತ್ರ ಕೈ ತಡೆಯಬೇಕು. ವಿಷಯ ಬಲ್ಲವರಾಗಿರುವುದು ಬೇರೆ, ಪಾಲುದಾರರಾಗಿರುವುದು ಬೇರೆ.

ಮೊದಲು ಹೇಳಿದ ನನ್ನ ಪುಟದ ಕಥೆ ಅರ್ಧಕ್ಕೆ ನಿಂತಿತ್ತು. ಆ ಪ್ರಶ್ನೆಗೆ ನಾನು ಚರ್ಚೆ ಪುಟದಲ್ಲಿ ಉತ್ತರ ಬರೆದೆ: "ನಾನು ಈ ಸಂಸ್ಥೆಯಲ್ಲಿ ಸ್ವಯಂಸೇವಕನಾಗಿದ್ದೆ. ಮೊದಲೇ ಹೇಳಬೇಕಿತ್ತು. ನೀವು ಹೇಳಿದ ವರದಿಗಳು ಇವು ಇರಬೇಕು, ದಯವಿಟ್ಟು ನೀವೇ ಸೇರಿಸಿ." ಎರಡು ವರದಿಗಳ ವಿವರವನ್ನೂ ಕೊಟ್ಟೆ. ಅವರು ಮೂರು ವಾಕ್ಯ ಸೇರಿಸಿದರು. ಏನು ಆರೋಪ ಬಂತು, ಸಂಸ್ಥೆ ಏನು ಹೇಳಿತು, ಕೊನೆಗೆ ಏನಾಯಿತು. ಒಂದು ಪದವೂ ಜಾಸ್ತಿ ಇರಲಿಲ್ಲ, ಕಮ್ಮಿಯೂ ಇರಲಿಲ್ಲ. ನಾನೇ ಬರೆದಿದ್ದರೆ ಸಂಸ್ಥೆ ಏನು ಹೇಳಿತು ಅನ್ನುವುದು ಮೊದಲ ವಾಕ್ಯ ಆಗಿರುತ್ತಿತ್ತು. ಆ ಪುಟದ ಚರ್ಚೆಯಲ್ಲಿ ನನ್ನ ನಂಟಿನ ಸಾಲು ಇವತ್ತೂ ಇದೆ, ಯಾರು ಬೇಕಾದರೂ ನೋಡಬಹುದು.